ಹಂಪಕ್ಕನ ಕಾಲು

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟ ಬಸ್ಸು ತೆಕ್ಕಲಕೋಟೆ ದಾಟಿದ್ದೇ ತಡ, ಹಿಂದಿನ ಟೈರು ಉಸಿರು ಬಿಟ್ಟು ಕೂತಿತು. ಜನ ದಬದಬ ಇಳಿದು ಕಂಡಕ್ಟರನನ್ನು ಸುತ್ತುವರಿದರು. ಒಬ್ಬನಿಗೆ ಕೋರ್ಟಿಗೆ ಹೊತ್ತಾಗಿತ್ತು, ಒಬ್ಬಳಿಗೆ ಆಸ್ಪತ್ರೆಗೆ ಹೊತ್ತಾಗಿತ್ತು. ಇನ್ನೊಬ್ಬನಿಗೆ ಯಾವ ಕೆಲಸವೂ ಇರಲಿಲ್ಲ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅವನೇ. ಕಂಡಕ್ಟರ್ ಪಾಪ, ಟೈರು ಮಾಡಿದವನೂ ಅಲ್ಲ, ರಸ್ತೆ ಹಾಕಿದವನೂ ಅಲ್ಲ. ಸ್ವಲ್ಪ ಹೊತ್ತು ಕೇಳಿ ಕೇಳಿ ಅವನಿಗೂ ರೇಗಿತು.

“ಏ, ಹಂಪಕ್ಕನ ಕಾಲಿಗಿ ಹಚ್ಚಬ್ಯಾಡ್ರಿ ಯಪ್ಪಾ! ಹಾದ್ಯಾಗ ಮೊಳಿ ಬಿದ್ದಿದ್ರ ನಾ ಏನ್ ಮಾಡ್ಲಿ?” ಎಂದ.

ಅಷ್ಟಕ್ಕೇ ಜನ ನಕ್ಕು ತಣ್ಣಗಾದರು. ಮಾಡದವರ ತಲೆಗೆ ತಪ್ಪು ಕಟ್ಟಬೇಡಿ ಅನ್ನುವುದನ್ನು ಆ ಸೀಮೆಯಲ್ಲಿ ಹಾಗೆ ಹೇಳುತ್ತಿದ್ದರು, ಅದು ಎಲ್ಲರಿಗೂ ತಿಳಿದ ಮಾತು. ಆದರೆ ಬಸ್ಸಿನೊಳಗೆ ಕಿಟಕಿಯ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಆ ಮಾತು ಕಿವಿಗೆ ಬಿದ್ದೊಡನೆ ಅವಳು ತನ್ನ ಕಾಲುಗಳನ್ನು ಒಮ್ಮೆ ಬಗ್ಗಿ ನೋಡಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಭುಜ ಕುಣಿಯುವಷ್ಟು ನಕ್ಕಳು. ಪಕ್ಕದವಳು “ಯಾಕಬೇ, ಏನಾತು?” ಎಂದು ಕೇಳಿದರೆ “ಏನಿಲ್ಲವ್ವಾ, ಕಾಲು ಜೋಮು ಹಿಡದಿತ್ತು” ಎಂದಳು. ಶುದ್ಧ ಸುಳ್ಳು! ಆ ಮುದುಕಿಯೇ ಹಂಪಕ್ಕ, ಆ ಕಾಲು ಅವಳದೇ ಕಾಲು. ಮತ್ತು ಆ ಮಾತು ಹುಟ್ಟಿದಾಗ ಅದಕ್ಕೆ ಈ ಅರ್ಥ ಇರಲಿಲ್ಲ. ಇದರ ತೀರಾ ಉಲ್ಟಾ ಇತ್ತು. ಅದನ್ನು ತಿರುಗಿಸಿ ನಿಲ್ಲಿಸಲು ಈ ಹೆಂಗಸು ಏನೇನು ಮಾಡಬೇಕಾಯಿತು ಎಂಬುದನ್ನು ಕೇಳಬೇಕು.

ಹಂಪಕ್ಕ ಹುಟ್ಟಿದ್ದು ಹೊಳೆದಂಡೆಯ ಕೆಂಚನಗುಡ್ಡದಲ್ಲಿ, ಸೇರಿದ್ದು ಸಿರುಗುಪ್ಪದ ಜಡೆಪ್ಪನ ಮನೆಯನ್ನು. ಜಡೆಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲ. ಕಾಲುವೆಗೆ ನೀರು ಬಂದು, ಜೋಳ ಬಿತ್ತುತ್ತಿದ್ದ ಹೊಲಗಳೆಲ್ಲ ಭತ್ತದ ಗದ್ದೆಯಾಗಿ, ಊರ ಸುತ್ತ ಗಿರಣಿಗಳೆದ್ದ ಕಾಲ ಅದು. ಭತ್ತಕ್ಕೆ ಆ ಕಡೆ ನೆಲ್ಲು ಅನ್ನುತ್ತಾರೆ. ಹಸಿ ನೆಲ್ಲನ್ನು ಗಿರಣಿಯ ಮುಂದಿನ ಕಣದಲ್ಲಿ ಹರವಿ ಒಣಗಿಸಬೇಕು, ಒಣಗುವಾಗ ಆಗಾಗ ಮೇಲೆ ಕೆಳಗೆ ಮಾಡಬೇಕು. ಆ ಕೆಲಸ ಹೆಂಗಸರದು, ಅದನ್ನು ಮಾಡುವುದು ಕಾಲಿನಿಂದ. ಸೀರೆ ಮೇಲೆ ಕಟ್ಟಿ, ಸಾಲಾಗಿ ನಿಂತು, ಪಾದ ಎತ್ತದೆ ನೆಲ್ಲಿನೊಳಗೆ ಎಳೆಯುತ್ತ ಹೋದರೆ ಹಿಂದೆ ಗೆರೆ ಗೆರೆಯಾಗಿ ನೆಲ್ಲು ಮಗುಚಿಕೊಳ್ಳುತ್ತದೆ. ಲಕ್ಷ್ಮಿಯ ಮೇಲೆ ಚಪ್ಪಲಿ ಹಾಕಿ ಯಾರು ನಡೆದಾರು? ಎಲ್ಲರದೂ ಬರಿಗಾಲು.

ಆ ಸಾಲಿನ ಮುಂದಿನವಳು ಹಂಪಕ್ಕ. ಅವಳ ಪಾದ ಅಗಲ, ಬೆರಳುಗಳು ಬಿಡಿಬಿಡಿ. ಅವಳು ಒಮ್ಮೆ ಹಾದು ಹೋದರೆ ಉಳಿದವರು ಎರಡು ಸಲ ಹಾದಷ್ಟು ನೆಲ್ಲು ತಿರುಗುತ್ತಿತ್ತು. ಪಕ್ಕದಲ್ಲೇ ನಡೆಯುತ್ತಿದ್ದ ಗೆಳತಿ ಲಾಲಬೀ ಮಾತ್ರ ಅವಳನ್ನು ಕಾಡದೆ ಬಿಡುತ್ತಿರಲಿಲ್ಲ. “ನಿನ್ನ ಕಾಲು ಕಾಲಲ್ಲವ್ವ, ಕುಂಟಿ. ಎರಡೆತ್ತು ಹೂಡಿದ್ರ ಹೊಲಾನ ಹರಗಬೌದು” ಎಂದು ಅವಳ ಪಾದವನ್ನು ಹೊಲದ ಕುಂಟೆಗೆ ಹೋಲಿಸುತ್ತಿದ್ದಳು. ಹಂಪಕ್ಕನಿಗೆ ಆ ಚೇಷ್ಟೆ ಕೇಳಿ ಹೆಮ್ಮೆಯೇ ಆಗುತ್ತಿತ್ತು.

ಗಿರಣಿಯ ಸಾಹುಕಾರ ವಿರೂಪಾಕ್ಷಪ್ಪ ಕೆಟ್ಟ ಮನುಷ್ಯನಲ್ಲ. ಹೊಸದು ಕಂಡರೆ ಬಾಯಿ ಬಿಡುತ್ತಿದ್ದ, ಅಷ್ಟೇ. ಅರವತ್ತೆಂಟನೆಯ ಇಸವಿಯಲ್ಲಿ ಆಂಧ್ರದ ಕಡೆ ಹೋದವನು ಎಲ್ಲೋ ಒಂದು ಸಿಮೆಂಟಿನ ಕಣ ನೋಡಿಬಂದ. ಕಲ್ಲಿಲ್ಲ, ಧೂಳಿಲ್ಲ, ಕನ್ನಡಿಯ ಹಾಗೆ ನುಣ್ಣಗಿದೆ ಎಂದು ಮನಸ್ಸು ಸೋತ. ಬೇಸಿಗೆ ಬೆಳೆ ಕೊಯ್ಲಿಗೆ ಬರುವಷ್ಟರಲ್ಲಿ ಸಗಣಿ ಸಾರಿಸುತ್ತಿದ್ದ ತನ್ನ ಮಣ್ಣಿನ ಕಣದ ಮೇಲೆಲ್ಲ ಸಿಮೆಂಟು ಹಾಕಿಸಿಬಿಟ್ಟ. ಊರಿಗೇ ಮೊದಲ ಸಿಮೆಂಟ್ ಕಣ. ತೋರಣವೇನು, ತೆಂಗಿನಕಾಯಿಯೇನು, ಊರ ಹಿರಿಯರಿಗೆ ಮಂಡಕ್ಕಿಯ ಮಂಡಾಳು ಒಗ್ಗರಣೆ ಮಿರ್ಚಿಯೇನು!

ಹೊಸ ಕಣಕ್ಕೆ ಮೊದಲು ಒಬ್ಬ ಮುತ್ತೈದೆ ಬಲಗಾಲಿಟ್ಟು ಬರಬೇಕು, ಅದು ಪದ್ಧತಿ. ಸಾಹುಕಾರ ಹಂಪಕ್ಕನನ್ನೇ ಕರೆದ. “ಲಕ್ಷ್ಮಿ ತರೋ ಕಾಲು ಇದು. ಬಾರವ್ವಾ, ಇಡು” ಎಂದ. ಪಾದಕ್ಕೆ ಅರಿಶಿನ ಬಳಿದು, ಎಲ್ಲರೆದುರು ಅವಳು ಬಲಗಾಲು ಇಟ್ಟಳು. ಸಿಮೆಂಟಿನ ಮೇಲೆ ಹಳದಿ ಹೆಜ್ಜೆಗಳು ಮೂಡಿದವು. ಆ ದಿನ ಸಂಜೆ ಮನೆಗೆ ಬಂದು ಕಾಲು ತೊಳೆಯಲೂ ಅವಳಿಗೆ ಮನಸ್ಸಾಗಲಿಲ್ಲ.

ಮೊದಲ ನೆಲ್ಲು ಒಣಗಿ ಗಿರಣಿಗೆ ಬಿತ್ತು. ಹೊರಗೆ ಬಂದದ್ದು ಅಕ್ಕಿಯಲ್ಲ, ನುಚ್ಚು. ಹಿಡಿ ಎತ್ತಿದರೆ ಅರ್ಧಕ್ಕರ್ಧ ಕಾಳು ಮುರಿದಿವೆ. ಎರಡನೆಯ ಸಲವೂ ಹಾಗೇ ಆಯಿತು, ಮೂರನೆಯ ಸಲವೂ ಅದೇ. ಬಳ್ಳಾರಿಯ ವ್ಯಾಪಾರಿಗಳು ಚೀಲ ಬಿಚ್ಚಿ ನೋಡಿ, ಮುಖ ಸಿಂಡರಿಸಿ, ಲಾರಿಯನ್ನು ಹಾಗೇ ತಿರುಗಿಸಿ ಕಳಿಸಿದರು. ವಿರೂಪಾಕ್ಷಪ್ಪ ಉರಿದುಕೊಂಡು ಹೋಗಿ ಮಷೀನು ನಡೆಸುವ ಮರಿಬಸಪ್ಪನ ಕುತ್ತಿಗೆ ಪಟ್ಟಿ ಹಿಡಿದ.

ಮರಿಬಸಪ್ಪನಿಗೆ ಜೀವ ಬಾಯಿಗೆ ಬಂತು. “ಮಷೀನು ಬರೋಬ್ಬರಿ ಐತ್ರಿ ಸಾವ್ಕಾರ. ಬಸವಣ್ಣನ ಆಣಿ! ಕಣಕ್ಕ ಮೊದಲು ಇಟ್ಟ ಕಾಲು ಯಾರದು, ಅದನ್ನ ವಿಚಾರ ಮಾಡ್ರಿ” ಎಂದುಬಿಟ್ಟ.

ಅಷ್ಟೇ. ಅವನು ತನ್ನ ಕೊರಳು ಬಿಡಿಸಿಕೊಂಡ, ಉರುಳನ್ನು ಇನ್ನೊಬ್ಬರ ಕೊರಳಿಗೆ ಹಾಕಿದ. ಸಾಹುಕಾರನಿಗೂ ಅದು ಹಿತವಾಗಿ ಕೇಳಿತು. ಅಷ್ಟು ಸಡಗರದಿಂದ ಹಾಕಿಸಿದ ಸಿಮೆಂಟಿಗೆ ಕೆಟ್ಟದ್ದು ಅನ್ನುವುದು ಹೇಗೆ? ಕೂಲಿಗೆ ಬಂದ ಕಾಲಿಗೆ ಅನ್ನುವುದು ಸುಲಭ. ಅತ್ತ ಕಣದ ಹೆಂಗಸರು ಕಾಲು ಸುಡುತ್ತವೆ ಎಂದು ಪಾದಕ್ಕೆ ಗೋಣಿತಾಟು ಕಟ್ಟಿಕೊಂಡು ನಡೆಯತೊಡಗಿದ್ದರು. ಅದನ್ನು ದಿನಾ ಎಲ್ಲರೂ ನೋಡುತ್ತಿದ್ದರು, ಆದರೂ ಯಾರ ತಲೆಗೂ ಏನೂ ಹೊಳೆಯಲಿಲ್ಲ. ಹೊಳೆದಿದ್ದರೂ ಪೂಜೆ ಮಾಡಿದ ಕಣದ ಬಗ್ಗೆ ಬಾಯಿ ಬಿಡುವ ಧೈರ್ಯ ಯಾರಿಗಿತ್ತು? ಸಾಹುಕಾರ ಹಂಪಕ್ಕನನ್ನು ಕರೆದು, ಶಾಂತಿ ಮಾಡಿಸುವ ತನಕ ಕಣದ ಹೊರಗೆ ಚೀಲ ಹೊಲಿಯುವ ಕೆಲಸ ಮಾಡಿಕೊಂಡಿರು ಎಂದ.

ಆಮೇಲೆ ಊರಿಗೆ ಹಬ್ಬ. ಒಬ್ಬನ ಎಮ್ಮೆ ಹಾಲು ಕೊಡಲಿಲ್ಲ, ಹಂಪಕ್ಕನ ಕಾಲು. ತುದಿಯ ಗದ್ದೆಗೆ ಕಾಲುವೆ ನೀರು ತಲುಪಲಿಲ್ಲ, ಹಂಪಕ್ಕನ ಕಾಲು. ಪರೀಕ್ಷೆಯಲ್ಲಿ ಫೇಲಾದವನೂ ಅದನ್ನೇ ಹೇಳಿದ, ಓದಿದ್ದನ್ನು ಯಾರೂ ಕಂಡಿರಲಿಲ್ಲ. ನುಚ್ಚು ಹೊತ್ತು ಹೋಗಿ ತಿರುಗಿ ಬಂದ ಲಾರಿ ಡ್ರೈವರುಗಳು ದಾರಿಯುದ್ದಕ್ಕೂ ಚಹಾ ಅಂಗಡಿಗಳಲ್ಲಿ ಈ ಮಾತನ್ನು ಹಂಚಿದರು. ಕೆಟ್ಟ ಕಾಲ್ಗುಣಕ್ಕೆ ಒಂದು ಹೆಸರು ಸಿಕ್ಕಿತು. ಜನಕ್ಕೆ ಬೇಕಾದದ್ದೂ ಅಂಥದೇ.

ಹಂಪಕ್ಕ ಮೊದಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಮನಸ್ಸೆಲ್ಲ ಕುರುಗೋಡಿನಲ್ಲಿತ್ತು. ಅಲ್ಲಿ ಅವಳ ಒಬ್ಬಳೇ ಮಗಳು ಸಾವಂತ್ರಮ್ಮ ಬಸುರಿ. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಬೇಕು. ಅದಕ್ಕೆಂದು ಮನೆಗೆ ಸುಣ್ಣ ಬಳಿದಿದ್ದಳು, ಬಾಣಂತಿಗೆ ಖಾರ ಕುಟ್ಟಿಟ್ಟಿದ್ದಳು, ಹಳೆಯ ಸೀರೆಗಳನ್ನು ಹರಿದು ಕೂಸಿಗೆ ಕೌದಿ ಹೊಲಿದಿದ್ದಳು.

ಕುಬಸದ ದಿನ ಗಂಡ ಹೆಂಡತಿ ಬುಟ್ಟಿ ಹೊತ್ತು ಬಳ್ಳಾರಿಯಲ್ಲಿ ಬಸ್ಸಿಳಿದರು. ಕುರುಗೋಡಿನ ಬಸ್ಸಿಗೆ ಹೊತ್ತಿತ್ತು. ಸತ್ಯನಾರಾಯಣಪೇಟೆಯಲ್ಲಿ ಗುರುತಿನ ಅಂಗಡಿಯವನು ಹಸಿರು ಸೀರೆ ತೆಗೆದಿಟ್ಟಿದ್ದ, ಅದನ್ನು ತರಲು ಜಟಕಾ ಹತ್ತಿದರು. ಅರ್ಧ ದಾರಿಯಲ್ಲಿ ಗಾಲಿಯ ಕೀಲು ಕಳಚಿ ಗಾಡಿ ಪಕ್ಕಕ್ಕೆ ವಾಲಿತು. ಜಟಕಾದ ಖಾಜಾಮಿಯಾ ಧುಮುಕಿ ಇಳಿದು, ಗಾಲಿ ನೋಡಿ, “ಥೂ ಇದರಾಪ್ನ! ಹಂಪಕ್ಕನ ಕಾಲು ಬಿತ್ತು ನೋಡು” ಎಂದ.

ಕಣ್ಣಿಂದ ಕಂಡಿರದ ಮನುಷ್ಯನ ಬಾಯಲ್ಲಿ, ಬಳ್ಳಾರಿಯ ನಡುಬೀದಿಯಲ್ಲಿ, ತನ್ನ ಹೆಸರು! ಹಂಪಕ್ಕ ಸಾವರಿಸಿಕೊಂಡು ಮೆಲ್ಲಗೆ ಕೇಳಿದಳು. “ಯಾರಪ್ಪಾ ಆಕಿ, ಹಂಪಕ್ಕ?”

“ಅಯ್ಯ, ಗೊತ್ತಿಲ್ಲೇನವ್ವಾ? ಸಿರುಗುಪ್ಪದಾಗ ಅದಾಳಂತ. ಆಕಿ ಎಲ್ಲಿ ಕಾಲಿಡ್ತಾಳ ಅಲ್ಲಿ ಕಾಳು ಮುರುದು ಪುಡಿ ಆಕ್ಕೈತಂತ. ಹೊಳೀಗಿ ಇಳದ್ರ ನೀರ ಇಂಗತೈತಂತ. ಬಾಳ ಖರಾಬ್ ಕಾಲು” ಎಂದ ಖಾಜಾಮಿಯಾ.

“ನೀ ನೋಡೀಯೇನು ಆ ಕಾಲು?”

“ಇಲ್ಲವ್ವಾ, ದೇವರು ತೋರಸದಿರ್ಲಿ.”

ಹಂಪಕ್ಕ ಸೀರೆಯ ಅಂಚು ಎತ್ತಿ ಎರಡೂ ಪಾದಗಳನ್ನು ಗಾಡಿಯ ಹೊರಗೆ ಚಾಚಿದಳು. “ಹಂಗಾರ ನೋಡು. ಹೊಟ್ಟಿ ತುಂಬ ನೋಡಪ್ಪಾ. ಆ ಹಂಪಕ್ಕ ನಾನ” ಎಂದಳು.

ಖಾಜಾಮಿಯಾ ಕುದುರೆಯ ಮೂತಿ ಸವರಿದ, ಕೀಲು ಹುಡುಕಿದ, ಟೋಪಿ ಸರಿ ಮಾಡಿಕೊಂಡ. ಕೊನೆಗೆ “ಮಾಫ್ ಮಾಡವ್ವಾ. ಕೀಲು ಸವದಿತ್ತು, ನಾನ ಬದಲಿ ಮಾಡಿದ್ದಿಲ್ಲ. ಕಸೂರು ನಂದ” ಎಂದ. ಹಂಪಕ್ಕನಿಗೆ ಆಗಲೇ ಬೇರೆಯದೇ ಅಂಜಿಕೆ ಹತ್ತಿತ್ತು. ಬಳ್ಳಾರಿಗೆ ಬಂದ ಮಾತು ಕುರುಗೋಡಿಗೆ ಹೋಗದೆ ಇದ್ದೀತೇ?

ಹೋಗಿತ್ತು. ಬೀಗಿತ್ತಿ ಚನ್ನವೀರಮ್ಮ ಬಾಗಿಲಲ್ಲಿ ನಿಂತಿದ್ದಳು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡದೆ ಮಾತಾಡಿಸುವ ಮನೆಯಲ್ಲ ಅದು. ಈ ದಿನ ತಂಬಿಗೆ ಹೊರಗೆ ಬರಲಿಲ್ಲ. “ಅಲ್ಲೇ ಕಟ್ಟಿ ಮ್ಯಾಲ ಕೂಡ್ರಿ” ಎಂದಳು. ಬುಟ್ಟಿ ಒಳಗೆ ಹೋಯಿತು, ಹಸಿರು ಸೀರೆ ಒಳಗೆ ಹೋಯಿತು, ಹೆತ್ತ ತಾಯಿ ಕಟ್ಟೆಯ ಮೇಲೆ ಉಳಿದಳು. ಒಳಗೆ ನೆರೆಯ ಹೆಂಗಸರು ಆರತಿಯ ಹಾಡು ಹೇಳುವುದು ಕೇಳಿಸುತ್ತಿತ್ತು. ಕಿಟಕಿಯ ಸರಳು ಹಿಡಿದು ಸಾವಂತ್ರಿ ಹೊರಗೆ ನೋಡಿದಳು, ಅವಳ ಕಣ್ಣು ಅತ್ತು ಕೆಂಪಾಗಿದ್ದವು. ಇಂಥ ಅವಮಾನ ಯಾವ ತಾಯಿಗೂ ಬೇಡ.

ಎಲ್ಲ ಮುಗಿದ ಮೇಲೆ ಚನ್ನವೀರಮ್ಮ ಹೊರಗೆ ಬಂದು ಹೇಳಿದಳು. “ಹುಡುಗಿನ ಕಳಸಾಂಗಿಲ್ಲ. ಇಲ್ಲೇ ಹಡೀಲಿ.”

“ಯಾಕ್ರಿ? ಚೊಚ್ಚಲ ಬಾಣಂತನ ತವರಮನ್ಯಾಗಲ್ಲೇನು?”

“ಊರೆಲ್ಲಾ ಏನಂತೈತಿ ನೀವು ಕೇಳಿಲ್ಲೇನು? ನಾ ಮುಚ್ಚುಮರಿ ಮಾಡಾಂಗಿಲ್ಲ. ನನ್ನ ಮಗಳು ಚೊಚ್ಚಲದಾಗ ಹೋದಳು, ಕೂಸೂ ಹೋತು. ಈ ಕೈಯಾಗ ಹೋಗ್ಯಾವ ಎರಡೂ ಜೀವ. ನಂಗ ಅಂಜಿಕಿ ಐತಿ ಬೀಗಿತ್ತಿ. ಸಿಟ್ಟಾದ್ರೂ ಆಗ್ರಿ, ಕಳಸಾಂಗಿಲ್ಲ” ಎಂದಳು ಚನ್ನವೀರಮ್ಮ. ಅವಳ ದನಿ ನಡುಗುತ್ತಿತ್ತು.

ಬೈಯಬೇಕೆಂದು ಬಾಯಿ ತೆರೆದಿದ್ದ ಹಂಪಕ್ಕ ಆ ದನಿ ಕೇಳಿ ನಿಂತಳು. ಜಗಳವಾಡಿ ಗೆಲ್ಲುವಂಥದಲ್ಲ ಇದು. ಒಮ್ಮೆ ತನ್ನ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ಎದ್ದು ನಿಂತಳು.

“ನಾ ಕಣದಾಗ ಕಾಲಿಡಾಂಗಿಲ್ಲ. ನೀವ ಬಂದು ಕಣ್ಣಾರೆ ನೋಡ್ರಿ. ನಾ ಕಾಲಿಡದ ನೆಲ್ಲೂ ನುಚ್ಚಾದ್ರ ನನ್ನ ಮಗಳ್ನ ಕಳಸ್ತೀರಿ?”

“ಕಳಸ್ತೀನಿ. ನುಚ್ಚಾಗಲಿಲ್ಲಂದ್ರ?”

ಹಂಪಕ್ಕ ಮಾತು ನುಂಗಲಿಲ್ಲ. “ಆಗಲಿಲ್ಲಂದ್ರ, ನನ್ನ ಕಾಲಿಂದ ಅಂತ ನಾನ ಒಪ್ಪಿಕ್ಯಂತೀನಿ. ಈ ಹೊಸ್ತಲಕ ಮತ್ತ ಬರಾಂಗಿಲ್ಲ. ಕೂಸಿನ ಮಕ ನೋಡಾಕೂ ಬರಾಂಗಿಲ್ಲ.”

ಕಿಟಕಿಯಲ್ಲಿ ಸಾವಂತ್ರಿ “ಯವ್ವಾ!” ಎಂದು ಚೀರಿದಳು. ಚನ್ನವೀರಮ್ಮ ಬೀಗಿತ್ತಿಯ ಮುಖವನ್ನು ದಿಟ್ಟಿಸಿ ನೋಡಿ, ಬರುತ್ತೇನೆ ಎಂದಳು.

ಬಸ್ಸಿನಲ್ಲಿ ಜಡೆಪ್ಪನಿಗೆ ತಡೆಯಲಾಗಲಿಲ್ಲ. “ಏನ್ ಹುಚ್ಚೀ ಅದೀಯೇನು? ನುಚ್ಚು ಯಾಕ ಆಕ್ಕೈತಿ ಅಂತ ನಿಂಗ ಗೊತ್ತೈತೇನು?”

“ಗೊತ್ತಿಲ್ಲ.”

“ಮತ್ತ?”

“ನನ್ನ ಕಾಲು ನಂಗ ಗೊತ್ತು” ಎಂದಳು ಹಂಪಕ್ಕ. ಬಾಯಲ್ಲಿ ಹಾಗೆಂದಳು. ಮನಸ್ಸಿನೊಳಗೆ ಮಾತ್ರ ಬೇರೆ ಹುಳು ಕೊರೆಯುತ್ತಿತ್ತು. ನೂರು ಜನ ಹೇಳಿದ್ದು ಎಲ್ಲಾದರೂ ಖರೆ ಆಗಿಬಿಟ್ಟರೆ? ಆ ಹುಳುವನ್ನು ಅವಳು ಗಂಡನಿಗೂ ತೋರಿಸಲಿಲ್ಲ.

ವಿರೂಪಾಕ್ಷಪ್ಪನಿಗೆ ಈ ಪರೀಕ್ಷೆ ಬೇಕಾಗಿಯೇ ಇತ್ತು. ಹಿಂದಿನ ದೋಷ ಉಳಿಯದಿರಲೆಂದು ಕಣಕ್ಕೆ ಶಾಂತಿ ಮಾಡಿಸಿ, ಇನ್ನು ಒಳ್ಳೆ ಅಕ್ಕಿ ಬಂದರೆ ಪೀಡೆ ಕಳೆಯಿತೆಂದುಕೊಂಡ. ಹೇಳಿದ ದಿನ ಚನ್ನವೀರಮ್ಮ ಮಗನೊಡನೆ ಬಂದಿಳಿದಳು. ಗಿರಣಿಯ ಗೇಟಿನ ಬಳಿ ಬೇವಿನ ಮರದ ಕೆಳಗೆ ಒಂದು ಚಪ್ಪಡಿ ಕಲ್ಲಿತ್ತು. ಹಂಪಕ್ಕ ಅದರ ಮೇಲೆ ಕೂತು, ಸೀರೆಯ ಅಂಚು ಮೀನಖಂಡಕ್ಕೆ ಸರಿಸಿ, ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದಳು. “ನೋಡ್ರೆಪ್ಪಾ ಎಲ್ಲಾರು! ಇಲ್ಲಿ ಅದಾವ ನನ್ನ ಕಾಲು. ಎಲ್ಲಿಗೂ ಹೋಗಾಂಗಿಲ್ಲ” ಎಂದು ಕೂಗಿ ಹೇಳಿದಳು.

ನೆಲ್ಲು ಹರವಿದರು. ಹೆಂಗಸರು ಪಾದಕ್ಕೆ ತಾಟು ಕಟ್ಟಿಕೊಂಡು ಇಳಿದರು. ಸಿರುಗುಪ್ಪದ ಬಿಸಿಲು, ಅದೂ ಆ ತಿಂಗಳಲ್ಲಿ! ಹೊತ್ತು ಏರಿದಂತೆ ಬೇವಿನ ನೆರಳು ಸರಿದು ಹೋಯಿತು. ಹಂಪಕ್ಕ ಸರಿಯಲಿಲ್ಲ. ಒಂದು ಗೇಣು ಕಾಲು ಕದಲಿಸಿದರೂ ಕಣದ ಕಡೆ ಚಾಚಿದಳು ಅಂದಾರು ಎಂದು ಹಟ ಹಿಡಿದು ಕೂತಳು. ಲಾಲಬೀ ನಡುನಡುವೆ ಓಡಿಬಂದು ತಲೆಯ ಮೇಲೆ ನೀರು ಸುರಿದು, “ಸಾಯ್ತೀಯಲೇ ಹಂಪೀ, ನೆರಳಿಗೆ ಬಾ” ಎಂದು ಬೈದು ಹೋದಳು. ತಮಾಷೆ ನೋಡಲು ಬಂದವರು ಮೊದಲು ನಕ್ಕರು, ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಕಾಲು ಮರಗಟ್ಟಿದವು, ಕಣ್ಣಿಗೆ ಕತ್ತಲೆ ಬಂತು, ಆದರೂ ಸಂಜೆ ನೆಲ್ಲು ರಾಶಿ ಮಾಡುವ ತನಕ ಅವಳು ಏಳಲಿಲ್ಲ.

ಮರುದಿನ ಮುಂಜಾನೆ ಮಷೀನು ಶುರುವಾಯಿತು. ಹಂಪಕ್ಕ ಮತ್ತೆ ಅದೇ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಅಲ್ಲಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ, ಮಷೀನಿನ ಸದ್ದು ಮಾತ್ರ ಕೇಳುತ್ತಿತ್ತು. ಕೈ ಬಿಗಿಯಾಗಿ ಮುಷ್ಟಿ ಕಟ್ಟಿದ್ದಳು. ಒಳಗೆ ಚನ್ನವೀರಮ್ಮ ಯಾರನ್ನೂ ನಂಬದೆ ತಾನೇ ಬೀಳುವ ಅಕ್ಕಿಗೆ ಬೊಗಸೆ ಒಡ್ಡಿದಳು. ಬೊಗಸೆ ಹಿಡಿದುಕೊಂಡೇ ಹೊರಗೆ ಬಂದು, ಹಂಪಕ್ಕನ ಮಡಿಲಿಗೆ ಸುರಿದಳು. ನುಚ್ಚು!

ಹಂಪಕ್ಕನಿಗೆ ಉಸಿರು ಬಂತು. ಜಡೆಪ್ಪ ಹೆಗಲ ಮೇಲಿನ ಟವೆಲು ತೆಗೆದು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಮರಿಬಸಪ್ಪ ಗಿರಣಿಯ ಬಾಗಿಲಲ್ಲಿ ನಿಂತು ಬಾಯಿ ಹಾಕಿದ. “ಗೇಟಿನ್ಯಾಗ ಕಾಲು ಚಾಚಿದ್ದಳಲ್ರಿ ಸಾವ್ಕಾರ! ಗಾಳಿ ಆ ಕಡಿಂದನ ಬೀಸ್ತಿತ್ತು. ಕಾಲಿನ ಗಾಳಿ ತಾಗಿದ್ರೂ ಸಾಕು” ಎಂದ.

ನಾಲಗೆಗೆ ಎಲುಬಿದ್ದರೆ ಇಂಥ ಮಾತು ಬಂದೀತೇ? ಆದರೆ ಜನ “ಹೌದಲ್ಲ” ಎಂದು ತಲೆದೂಗಿದರು. ಚನ್ನವೀರಮ್ಮನ ಮುಖದಲ್ಲಿ ಮತ್ತೆ ಆ ಹಳೆಯ ಅಂಜಿಕೆ ಇಣುಕಿತು. ಗೆದ್ದ ಮಗಳು ಕೈ ಜಾರಿ ಹೋಗುವುದು ಹಂಪಕ್ಕನಿಗೆ ಕಣ್ಣೆದುರೇ ಕಂಡಿತು.

ಆಗ ಕಣದ ಹೆಂಗಸರ ಪಾದಕ್ಕೆ ಕಟ್ಟಿದ ತಾಟು ಅವಳ ಕಣ್ಣಿಗೆ ಬಿತ್ತು, ಎದ್ದಳು. ಕಣ ತುಳಿಯದೆ ಅಂಚಿನಲ್ಲೇ ಸುತ್ತಿಕೊಂಡು ಸಾಹುಕಾರನ ಮುಂದೆ ಬಂದು ನಿಂತಳು. ಹೊತ್ತು ನೆತ್ತಿಗೆ ಬಂದಿತ್ತು, ಕಣದ ತುಂಬ ಮುಂದಿನ ನೆಲ್ಲು ಹರವಿತ್ತು.

“ಸಾವ್ಕಾರ, ಇಷ್ಟು ದಿನ ಎಲ್ಲಾರೂ ನನ್ನ ಕಾಲು ನೋಡಿದ್ರಿ. ಈಗ ನಿಮ್ಮ ಕಾಲು ಇಡ್ರಿ. ಈ ಕಣ ನಿಮ್ಮದು. ಇದರ ಮ್ಯಾಲ ನೀವು ಒಮ್ಮೆರ ನಡದೀರೇನು?”

ವಿರೂಪಾಕ್ಷಪ್ಪ ತಬ್ಬಿಬ್ಬಾದ. ಅವನು ನಡೆದಿರಲಿಲ್ಲ. ಪೂಜೆಯ ದಿನ ಬೆಳಗಿನ ತಂಪಿನಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದಷ್ಟೇ. ಆಮೇಲೆ ಚಪ್ಪಲಿ ಮೆಟ್ಟಿ ಅಂಚಿನಲ್ಲಿ ನಿಂತು ಕೂಗುತ್ತಿದ್ದ. ನೂರು ಕಣ್ಣು ಅವನ ಮೇಲಿದ್ದವು. “ಅದಕ್ಕೇನಂತ?” ಎಂದು ಜಂಬದಿಂದ ಚಪ್ಪಲಿ ಬಿಟ್ಟು, ಧೋತರ ಎತ್ತಿ, ನೆಲ್ಲು ತೆಳ್ಳಗಿದ್ದ ಕಡೆ ಬಲಗಾಲಿಟ್ಟ.

“ಅಯ್ಯಯ್ಯಯ್ಯೋ! ಸತ್ತೆ!”

ಎಡಗಾಲಿಟ್ಟ, ಅದೂ ಸುಟ್ಟಿತು. ಬಲಗಾಲು ಎತ್ತಿದ, ಎಡಗಾಲು ಎತ್ತಿದ. ಧೋತರ ಮೊಣಕಾಲಿಗೆ ಹಿಡಿದು ಸಾಹುಕಾರ ಕುಪ್ಪಳಿಸುತ್ತ ಹಾರುತ್ತ ಬೇವಿನ ನೆರಳಿಗೆ ಓಡಿದ. ಮೊದಲು ಯಾರೂ ನಗಲಿಲ್ಲ. ಆಮೇಲೆ ಲಾಲಬೀ “ಯಾ ಅಲ್ಲಾ!” ಎಂದು ಹೊಟ್ಟೆ ಹಿಡಿದು ಕೂತಳು. ಅವಳ ಹಿಂದೆ ಇಡೀ ಕಣವೇ ನಕ್ಕಿತು.

ವಿರೂಪಾಕ್ಷಪ್ಪ ಪಾದ ಒತ್ತಿಕೊಳ್ಳುತ್ತ ಕಣದ ಹೆಂಗಸರ ಕಾಲುಗಳ ಕಡೆ ನೋಡಿದ. ತಾಟಿನ ಪಟ್ಟಿಗಳು, ಅವುಗಳ ಕೆಳಗೆ ಬೊಬ್ಬೆಗಳು. ದಿನಾ ಕಣ್ಣ ಮುಂದಿದ್ದದ್ದನ್ನು ಅವತ್ತು ಮೊದಲ ಸಲ ನೋಡಿದ. ಒಂದು ಹಿಡಿ ನೆಲ್ಲು ತರಿಸಿ ಅಂಗೈಯಲ್ಲಿ ಹಾಕಿಕೊಂಡು ತಟ್ಟನೆ ಚೆಲ್ಲಿದ. “ಇದು ಒಣಗಿಲ್ಲೋ, ಹುರದೈತಿ. ಹುರದದ್ದು ಮುರೀದೆ ಏನ್ ಮಾಡೀತು? ನನ್ನ ಸಿಮೆಂಟು ನೆಲ್ಲು ಸುಟ್ಟೈತಿ” ಎಂದು ಗೊಣಗಿದ.

“ಗೊಣಗಬ್ಯಾಡ್ರಿ. ಜೋರಾಗಿ ಹೇಳ್ರಿ” ಎಂದಳು ಹಂಪಕ್ಕ. “ಅರಿಶಿನ ಹಚ್ಚಿ ಕರದಾಗ ಎಲ್ಲಾರ ಮುಂದ ಕರದಿದ್ರಿ. ಇದನ್ನೂ ಎಲ್ಲಾರ ಮುಂದ ಹೇಳ್ರಿ. ನಿಮ್ಮ ಬೆನ್ನಿಗೆ ಮರಿಬಸಪ್ಪನೂ ಹೇಳಬೇಕು.”

ಸಾಹುಕಾರ ಹೇಳಿದ. “ತಪ್ಪು ಹಂಪಕ್ಕನ ಕಾಲಿಂದಲ್ಲ, ನನ್ನ ಕಣದ್ದು. ಸುಮ್ನ ಆಕಿ ಕಾಲಿಗಿ ಹಚ್ಚಿದ್ವಿ.” ಮರಿಬಸಪ್ಪ ನೆಲ ನೋಡುತ್ತ ಅದನ್ನೇ ಹೇಳಿದ. ಕೇಳಿಸಲಿಲ್ಲ ಎಂದು ಲಾಲಬೀ ಮತ್ತೊಮ್ಮೆ ಹೇಳಿಸಿದಳು. ಅಂದಿನಿಂದ ಆ ಕಣದಲ್ಲಿ ಬಿಸಿಲೇರುವ ಮೊದಲು ನೆಲ್ಲು ದಪ್ಪಗೆ ಹರವಿ, ಸುಡುವ ಹೊತ್ತಿಗೆ ರಾಶಿ ಮಾಡತೊಡಗಿದರು. ಅಕ್ಕಿ ಅಕ್ಕಿಯಾಗಿ ಬಂತು.

ಚನ್ನವೀರಮ್ಮ ಮಗನೊಡನೆ ಬಸ್ಸು ಹತ್ತಿದಳು. ಮಾತಿಗೆ ತಪ್ಪಲಿಲ್ಲ. ಆ ವಾರವೇ ಮಗನ ಜೊತೆ ಸಾವಂತ್ರಿಯನ್ನು ಕಳಿಸಿದಳು. ಸುಣ್ಣ ಬಳಿದ ಮನೆಯಲ್ಲಿ, ತಾಯಿ ಹೊಲಿದ ಕೌದಿಯ ಮೇಲೆ, ಗುಂಡು ಗುಂಡಾದ ಹೆಣ್ಣುಕೂಸು ಹುಟ್ಟಿತು. ಕೂಸಿನ ಪಾದ ನೋಡಿ ಲಾಲಬೀ “ಅಗೋ, ಇನ್ನೊಂದು ಕುಂಟಿ ಬಂತು” ಎಂದಳು. ಹಂಪಕ್ಕ ಆ ಪುಟ್ಟ ಪಾದಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಇಡೀ ದಿನ ಬಿಸಿಲಲ್ಲಿ ಕೂತಾಗಲೂ ಅತ್ತಿರಲಿಲ್ಲ.

ಬಾಣಂತನ ಮುಗಿದು ತಾಯಿ ಮಗುವನ್ನು ಗಂಡನ ಮನೆಗೆ ಬಿಟ್ಟು ಬರಲು ಹಂಪಕ್ಕನೇ ಹೊರಟಳು. ಬಳ್ಳಾರಿಯಲ್ಲಿ ಬಸ್ಸಿಳಿದರೆ ಖಾಜಾಮಿಯಾ ಗುರುತು ಹಿಡಿದು ಓಡಿಬಂದ. ಲಾರಿಯವರ ಬಾಯಿಂದ ಸಾಹುಕಾರ ಕುಣಿದ ಕಥೆ ಅವನಿಗೆ ಆಗಲೇ ಮುಟ್ಟಿತ್ತು. “ಮೊದಲು ನೀ ಕಾಲಿಡವ್ವಾ, ಆಮ್ಯಾಲ ಉಳದವರು ಹತ್ತಲಿ. ಕೀಲು ಹೊಸಾದು ಹಾಕೀನಿ” ಎಂದು ನಕ್ಕ.

ಕುರುಗೋಡಿನ ಮನೆಯ ಮುಂದೆ ಓಣಿಯ ಹೆಂಗಸರು ನೆರೆದಿದ್ದರು. ಹಂಪಕ್ಕ ಮಗಳನ್ನೂ ಕೂಸನ್ನೂ ಮುಂದೆ ಬಿಟ್ಟು ತಾನು ಕಟ್ಟೆಯ ಬಳಿ ನಿಂತಳು. ಕರೆಯದೆ ಆ ಹೊಸ್ತಿಲು ದಾಟಬಾರದೆಂದು ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು. ಚನ್ನವೀರಮ್ಮ ಸೊಸೆಗೆ ಆರತಿ ಎತ್ತಿ ಒಳಗೆ ಕಳಿಸಿದಳು. ಆಮೇಲೆ ಹಿತ್ತಾಳೆಯ ತಂಬಿಗೆಯ ತುಂಬ ನೀರು ಹಿಡಿದುಕೊಂಡು ಹೊರಗೆ ಬಂದಳು. ಬೀಗಿತ್ತಿಯ ಹತ್ತಿರ ಬಂದು ಅದನ್ನು ಮುಂದೆ ಚಾಚಿದಳು. ತಂಬಿಗೆ ಕೈ ಜಾರಿ ಕಲ್ಲಿನ ಮೇಲೆ ಠಣ್ ಎಂದು ಬಿತ್ತು, ನೀರೆಲ್ಲ ಚೆಲ್ಲಿ ಹೋಯಿತು.

ಹಿಂದಿನಿಂದ ಯಾರೋ ಒಬ್ಬಳು “ಕಾಲಿಡೂದ್ರಾಗ ತಂಬಿಗಿ ಬಿತ್ತು ನೋಡವ್ವಾ” ಎಂದು ಪಿಸುಗುಟ್ಟಿದಳು. ಹಂಪಕ್ಕನ ಮುಖ ಬಿಳಿಚಿತು.

ಚನ್ನವೀರಮ್ಮ ಗರ್ರನೆ ತಿರುಗಿದಳು.

“ಯಾರಾಕಿ ಅದು? ನನ್ನ ಕೈ ಜಾರೈತಿ, ತಂಬಿಗಿ ಬಿದ್ದೈತಿ. ಹಂಪಕ್ಕನ ಕಾಲಿಗಿ ಹಚ್ಚಬ್ಯಾಡ!”

ಬಗ್ಗಿ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು, ಮತ್ತೆ ತುಂಬಿಕೊಂಡು ಬಂದಳು. ಎಲ್ಲರೂ ನೋಡುತ್ತಿದ್ದಂತೆ ಬೀಗಿತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಅಗಲ ಪಾದಗಳ ಮೇಲೆ ತಾನೇ ನೀರು ಸುರಿದು, ತನ್ನ ಸೆರಗಿನಿಂದ ಒರೆಸಿದಳು.

“ಬಲಗಾಲಿಟ್ಟು ಬರ್ರಿ” ಎಂದಳು.